ಆಟಗಾರನ ಆಯ್ಕೆಗೆ ಬೆಲೆ ಬರಬೇಕಾದರೆ: ಅಂತರರಾಷ್ಟ್ರೀಯ ರಗ್ಬಿ ಲೀಗ್ ಮಂಡಳಿಗೆ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಮಂಡಳಿಯ ಸದಸ್ಯರು,
ಇಂಟರ್‌ನ್ಯಾಷನಲ್ ರಗ್ಬಿ ಲೀಗ್

ಮಾನ್ಯರೇ,

2026ರ ಅಕ್ಟೋಬರ್ 15ರಂದು ಆಸ್ಟ್ರೇಲಿಯಾದಲ್ಲಿ ರಗ್ಬಿ ಲೀಗ್ ವಿಶ್ವಕಪ್ ಆರಂಭವಾಗಲಿದೆ. 10 ದೇಶಗಳ ಆಯ್ಕೆಗಾರರು ಪಟ್ಟಿ ಹಿಡಿದು ಕೂರುವ ಮೊದಲೇ ಎಷ್ಟೋ ಆಟಗಾರರು ತಾವು ಯಾವ ದೇಶದ ಪರ ಆಡಬೇಕೆಂದು ಮನೆಮಂದಿಯೊಂದಿಗೆ ಕೂತು ಯೋಚಿಸುತ್ತಿರುತ್ತಾರೆ. ನಮ್ಮ ಆಟದಲ್ಲಿ ಆಯ್ಕೆ ಎಂಬುದು ಎರಡು ಸಲ ನಡೆಯುತ್ತದೆ: ಮೊದಲು ಆಟಗಾರ ದೇಶವನ್ನು ಆರಿಸಿಕೊಳ್ಳುತ್ತಾನೆ, ಆಮೇಲೆ ದೇಶ ಆಟಗಾರನನ್ನು ಆರಿಸಿಕೊಳ್ಳುತ್ತದೆ. ಎರಡನೆಯ ಆಯ್ಕೆಯ ಹೊಣೆ ಆಯಾ ದೇಶದ ಕೋಚ್‌ಗಳದು. ಮೊದಲನೆಯದಕ್ಕೆ ನಿಯಮ ಬರೆಯುವವರು ನೀವು; ಆ ಆಯ್ಕೆಗೆ ತಕ್ಕ ಪಂದ್ಯಗಳನ್ನು ಒದಗಿಸಬೇಕಾದವರೂ ನೀವೇ. ಆದ್ದರಿಂದಲೇ ಈ ಪತ್ರವನ್ನು ಯಾವುದೋ ಒಂದು ದೇಶದ ಕೋಚ್‌ಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ, ಮತ್ತು ನನ್ನ ಭಾಷೆಯ ಜನರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಪಶ್ಚಿಮ ಸಿಡ್ನಿಯಲ್ಲಿ ನೆಲೆಸಿರುವ ಕನ್ನಡಿಗ. ಪ್ಯಾರಾಮ್ಯಾಟಾ, ವೆಂಟ್‌ವರ್ತ್‌ವಿಲ್, ಬ್ಲ್ಯಾಕ್‌ಟೌನ್‌ಗಳ ಸುತ್ತಮುತ್ತ ನಮ್ಮವರ ಮನೆಗಳು ಎಷ್ಟಿವೆಯೋ, ಪೆಸಿಫಿಕ್ ದ್ವೀಪರಾಷ್ಟ್ರಗಳಾದ ಸಮೋವಾ, ಟೋಂಗಾ, ಫಿಜಿ ಹಾಗೂ ಲೆಬನಾನ್ ಮೂಲದ ಕುಟುಂಬಗಳ ಮನೆಗಳೂ ಅಲ್ಲಲ್ಲೇ ಇವೆ. ನಮ್ಮ ಮಕ್ಕಳು ಒಂದೇ ಶಾಲೆಗೆ ಹೋಗುತ್ತಾರೆ. ಕ್ರಿಕೆಟ್ಟನ್ನು ಜೊತೆಯಲ್ಲೇ ಕಟ್ಟಿಕೊಂಡು ಬಂದ ನಮ್ಮಂಥವರಿಗೆ ಈ ಆಟ ಪರಿಚಯವಾದದ್ದು ನೆರೆಹೊರೆಯವರ ಮೂಲಕ, ಅವರ ಮಕ್ಕಳು ಶನಿವಾರ ಬೆಳಿಗ್ಗೆ ಆಡುವ ಮೈದಾನಗಳ ಮೂಲಕ. ಈ ಆಟದ ಬಗ್ಗೆ ಮಾತಾಡುವ ಅಧಿಕಾರ ನನಗೆಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, ಟಿಕೆಟ್ ಕೊಂಡು ಸಾಲಿನಲ್ಲಿ ಕೂರುವ ಪ್ರೇಕ್ಷಕನ ಅಧಿಕಾರವೇ ಅದು.

ಕರ್ನಾಟಕದಲ್ಲಿ ಕೂತು ಇದನ್ನು ಓದುವವರಿಗಾಗಿ ಎರಡು ಮಾತು. ರಗ್ಬಿಯಲ್ಲಿ ಎರಡು ಕವಲುಗಳಿವೆ. 1895ರ ಆಗಸ್ಟ್ 29ರಂದು ಉತ್ತರ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿದ ಕ್ಲಬ್ಬುಗಳು, ಗಣಿ ಮತ್ತು ಗಿರಣಿಗಳಲ್ಲಿ ದುಡಿಯುವ ಆಟಗಾರರಿಗೆ ಆಟಕ್ಕಾಗಿ ಕಳೆದುಕೊಂಡ ಕೂಲಿಯನ್ನು ತುಂಬಿಕೊಡಬೇಕೆಂಬ ವಿಷಯದಲ್ಲಿ ರಗ್ಬಿ ಯೂನಿಯನ್‌ನಿಂದ ಬೇರೆಯಾದವು. ಹಾಗೆ ಹುಟ್ಟಿದ್ದು ರಗ್ಬಿ ಲೀಗ್: ತಂಡಕ್ಕೆ 13 ಜನ, 80 ನಿಮಿಷ, ಚೆಂಡು ಹಿಡಿದ ತಂಡಕ್ಕೆ ಆರು ಟ್ಯಾಕಲ್‌ಗಳ ಅವಕಾಶ, ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ ಟ್ರೈ, ಅದಕ್ಕೆ 4 ಅಂಕ. ದುಡಿಯುವ ಮನುಷ್ಯನಿಗೆ ಅವನ ಆಟದ ಬೆಲೆ ಸಿಗಬೇಕು ಎಂಬ ಒಂದೇ ಕಾರಣಕ್ಕೆ ಹುಟ್ಟಿದ ಆಟವಿದು ಎಂಬುದನ್ನು ಇಲ್ಲಿ ಬೇಕೆಂದೇ ನೆನಪಿಸುತ್ತಿದ್ದೇನೆ, ಏಕೆಂದರೆ ದೇಶದ ಪರ ಆಡುವವನ ವಿಷಯದಲ್ಲಿ ಆ ಕಾರಣವೇ ಮರೆತುಹೋದಂತಿದೆ.

2017ರ ವಿಶ್ವಕಪ್‌ಗೆ ಮುನ್ನ ಜೇಸನ್ ಟೌಮಲೋಲೊ ನ್ಯೂಜಿಲೆಂಡನ್ನು ಬಿಟ್ಟು ಟೋಂಗಾವನ್ನು ಆರಿಸಿಕೊಂಡರು. ಹಿಂದಿನ ವರ್ಷವಷ್ಟೇ, ಆಸ್ಟ್ರೇಲಿಯಾದ ಮುಖ್ಯ ಕ್ಲಬ್ ಲೀಗ್ ಆದ ಎನ್‌ಆರ್‌ಎಲ್‌ನಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕವನ್ನು ಕೂಪರ್ ಕ್ರಾಂಕ್ ಜೊತೆ ಹಂಚಿಕೊಂಡಿದ್ದ ಆಟಗಾರ ಅವರು. ಆಂಡ್ರ್ಯೂ ಫಿಫಿಟಾ ಆಸ್ಟ್ರೇಲಿಯಾವನ್ನು ಬಿಟ್ಟು ಟೋಂಗಾಗೆ ಬಂದರು. ಇಬ್ಬರೂ ದೊಡ್ಡ ಸಂಭಾವನೆಯನ್ನು ಬಿಟ್ಟುಕೊಟ್ಟೇ ಬಂದದ್ದು. ಆಗ ಅವರನ್ನು ದೇಶದ್ರೋಹಿಗಳೆಂಬಂತೆ ಜರಿದ ಮಾತುಗಳು ನ್ಯೂಜಿಲೆಂಡಿನಲ್ಲೂ ಆಸ್ಟ್ರೇಲಿಯಾದಲ್ಲೂ ಕೇಳಿಬಂದವು. ಆದರೆ ಮುಂದೆ ನಡೆದದ್ದೇನು? ಹ್ಯಾಮಿಲ್ಟನ್‌ನಲ್ಲಿ ಟೋಂಗಾ ನ್ಯೂಜಿಲೆಂಡನ್ನು 28-22ರಿಂದ ಸೋಲಿಸಿತು. ಆಕ್ಲೆಂಡಿನ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 0-20ರಿಂದ ಹಿಂದಿದ್ದ ತಂಡ ಕೊನೆಯ ಕೆಲವೇ ನಿಮಿಷಗಳಲ್ಲಿ ಮೂರು ಟ್ರೈ ಗಳಿಸಿ 18-20ಕ್ಕೆ ಬಂದು ನಿಂತಿತು. ಎರಡು ವರ್ಷಗಳ ಬಳಿಕ, 2019ರಲ್ಲಿ, ಇದೇ ಟೋಂಗಾ ಒಂದೇ ವಾರದ ಅಂತರದಲ್ಲಿ ಗ್ರೇಟ್ ಬ್ರಿಟನ್ನನ್ನು 14-6ರಿಂದಲೂ ಆಸ್ಟ್ರೇಲಿಯಾವನ್ನು 16-12ರಿಂದಲೂ ಸೋಲಿಸಿತು. ಸುಮಾರು ಒಂದು ಲಕ್ಷ ಜನಸಂಖ್ಯೆಯ ದ್ವೀಪರಾಷ್ಟ್ರವದು. ಒಂದಿಬ್ಬರು ದೊಡ್ಡ ಆಟಗಾರರು ತಾವಾಗಿ ಮಾಡಿದ ಆಯ್ಕೆ ಇಡೀ ಅಂತರರಾಷ್ಟ್ರೀಯ ಆಟಕ್ಕೆ ಜೀವ ತುಂಬಿದ ಬಗೆ ಇದು. ಅದಕ್ಕೆ ಮುಂಚೆ ವಿಶ್ವಕಪ್ ಎಂದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಇಂಗ್ಲೆಂಡ್ ಮೂವರ ನಡುವಿನ ಮಾತಾಗಿತ್ತು; ಉಳಿದವರು ಲೆಕ್ಕ ಭರ್ತಿಗೆ ಎಂಬ ಭಾವನೆ ನೋಡುವವರಲ್ಲೇ ಇತ್ತು.

ಇನ್ನು ಸಮೋವಾದ ಕಥೆ. ಅದನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನನ್ನ ವಾದದ ತಿರುಳು ಅದರಲ್ಲೇ ಇದೆ. 2022ರ ಅಕ್ಟೋಬರ್ 2ರಂದು ಎನ್‌ಆರ್‌ಎಲ್ ಗ್ರ್ಯಾಂಡ್ ಫೈನಲ್‌ನಲ್ಲಿ ಪೆನ್ರಿತ್ ತಂಡ ಪ್ಯಾರಾಮ್ಯಾಟಾವನ್ನು ಸೋಲಿಸಿತು. ಆ ಪಂದ್ಯ ಆಡಿದ ಜರೋಮ್ ಲುವಾಯ್, ಸ್ಟೀಫನ್ ಕ್ರೈಟನ್, ಬ್ರಯಾನ್ ಟೋಓ, ಜೂನಿಯರ್ ಪಾವ್ಲೊ ಮುಂತಾದವರು ಸಮೋವಾವನ್ನು ಆರಿಸಿಕೊಂಡು ಇಂಗ್ಲೆಂಡಿಗೆ ಹಾರಿದರು. ಎರಡು ವಾರವೂ ತುಂಬುವ ಮೊದಲೇ, ಅಕ್ಟೋಬರ್ 15ರಂದು, ನ್ಯೂಕ್ಯಾಸಲ್‌ನಲ್ಲಿ ವಿಶ್ವಕಪ್‌ನ ಮೊದಲ ಪಂದ್ಯಕ್ಕೆ ಇಳಿದ ಅವರನ್ನು ಇಂಗ್ಲೆಂಡ್ 60-6ರಿಂದ ಬಗ್ಗುಬಡಿಯಿತು. ಹೆಸರುಗಳಷ್ಟೇ ಇದ್ದು ತಂಡವಿಲ್ಲದಿದ್ದರೆ ಹೀಗೇ ಆಗುವುದು ಎಂದು ಟೀಕಾಕಾರರು ಬರೆದರು. ನವೆಂಬರ್ 12ರಂದು ಲಂಡನ್ನಿನ ಎಮಿರೇಟ್ಸ್ ಕ್ರೀಡಾಂಗಣದಲ್ಲಿ, ಅದೇ ಎರಡು ತಂಡಗಳು ಸೆಮಿಫೈನಲ್‌ನಲ್ಲಿ ಎದುರಾದಾಗ 80 ನಿಮಿಷ ಮುಗಿದಾಗಿನ ಅಂಕ 26-26. ಹೆಚ್ಚುವರಿ ಅವಧಿಯಲ್ಲಿ ಕ್ರೈಟನ್ ಒದ್ದ ಫೀಲ್ಡ್ ಗೋಲ್‌ನಿಂದ ಸಮೋವಾ 27-26ರಿಂದ ಗೆದ್ದು ವಿಶ್ವಕಪ್ ಫೈನಲ್‌ಗೆ ಹೋಯಿತು.

ಸಿಡ್ನಿಯಲ್ಲಿ ಆಗ ಭಾನುವಾರದ ನಸುಕು. ಒದ್ದ ಚೆಂಡು ಕಂಬಗಳ ನಡುವೆ ದಾಟಿದ್ದನ್ನು ಟಿವಿಯಲ್ಲಿ ನೋಡಿದ ಮರುಗಳಿಗೆಯೇ ಹೊರಗೆ ಹಾರ್ನ್ ಸದ್ದು ಶುರುವಾಯಿತು. ಬಾಗಿಲು ತೆರೆದು ನೋಡಿದರೆ ನೀಲಿ-ಕೆಂಪು ಬಾವುಟಗಳನ್ನು ಕಿಟಕಿಗಳಿಗೆ ಸಿಕ್ಕಿಸಿಕೊಂಡ ಕಾರುಗಳು ಒಂದರ ಹಿಂದೊಂದು ಮುಖ್ಯರಸ್ತೆಯ ಕಡೆಗೆ ಹೋಗುತ್ತಿದ್ದವು. ಮಲಗುವ ಬಟ್ಟೆಯಲ್ಲೇ ಎದ್ದುಬಂದ ಮಕ್ಕಳು ತಂದೆಯರ ಹೆಗಲ ಮೇಲಿದ್ದರು. ಎದುರು ಮನೆಯ ಸಮೋವಾದ ಹಿರಿಯರು ಗೇಟಿನ ಬಳಿ ಕೈಕಟ್ಟಿ ನಿಂತು ಅಳುತ್ತಿದ್ದರು. ನನ್ನನ್ನು ಕಂಡು ಬಂದು ಅಪ್ಪಿಕೊಂಡರು. ಕ್ಲಬ್ಬಿನ ಪ್ರಶಸ್ತಿಯಾಗಲಿ ರಾಜ್ಯಗಳ ನಡುವಿನ ಸ್ಟೇಟ್ ಆಫ್ ಒರಿಜಿನ್ ಆಗಲಿ ಅವರಿಗೆ ಇಂಥ ಕಣ್ಣೀರು ತರಿಸಿದ್ದನ್ನು ನಾನು ನೋಡಿಲ್ಲ. ಫೈನಲ್‌ನಲ್ಲಿ ಆಸ್ಟ್ರೇಲಿಯಾ 30-10ರಿಂದ ಗೆದ್ದಿತು, ಸಮೋವಾದವರು ಸೋತರೂ ತಲೆಯೆತ್ತಿ ಬಂದರು.

60-6ರಿಂದ 27-26ಕ್ಕೆ ಬಂದ ಆ ನಾಲ್ಕು ವಾರಗಳಲ್ಲಿ ಆಟಗಾರರು ಬದಲಾಗಲಿಲ್ಲ, ಬಹುತೇಕ ಅವರೇ ಇದ್ದರು. ಬದಲಾದದ್ದು ಒಂದೇ: ಅವರು ಒಟ್ಟಿಗೆ ಕಳೆದ ಸಮಯ. ಒಂದೇ ಹೋಟೆಲಿನಲ್ಲಿ ಉಳಿದು, ಒಂದೇ ಮೈದಾನದಲ್ಲಿ ಅಭ್ಯಾಸ ಮಾಡಿ, ಹಾಫ್‌ಬ್ಯಾಕ್ ಯಾವಾಗ ಒದೆಯುತ್ತಾನೆ, ಸೆಂಟರ್ ಯಾವ ಕಡೆ ತಿರುಗುತ್ತಾನೆ ಎಂಬುದು ಮೈಗೂಡುವಷ್ಟು ದಿನಗಳು ಅವರಿಗೆ ಆ ಟೂರ್ನಿಯಲ್ಲೇ ಸಿಕ್ಕವು. ಅದರ ನಂತರ ನೀವು ಅವರಿಗೆ ಏನು ಕೊಟ್ಟಿರಿ ಎಂಬುದನ್ನು ದಯವಿಟ್ಟು ನೋಡಿ. ಸುಮಾರು ಹನ್ನೊಂದು ತಿಂಗಳ ಕಾಲ ವಿಶ್ವಕಪ್ ರನ್ನರ್‌ಅಪ್ ತಂಡ ಒಂದೂ ಟೆಸ್ಟ್, ಅಂದರೆ ಬೇರೆ ದೇಶದ ವಿರುದ್ಧದ ಪಂದ್ಯ, ಆಡಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಮತ್ತೆ ಸೇರಿದ ಸಮೋವಾ ಆಸ್ಟ್ರೇಲಿಯಾಗೆ 12-38ರಿಂದಲೂ ನ್ಯೂಜಿಲೆಂಡಿಗೆ 0-50ರಿಂದಲೂ ಸೋತಿತು. 2022ರಲ್ಲಿ ಹಚ್ಚಿದ ದೀಪಕ್ಕೆ ಎಣ್ಣೆ ಹಾಕುವವರೇ ಇರಲಿಲ್ಲ. ಆ ಸೋಲಿಗೆ ಕೋಚ್‌ಗಳನ್ನೂ ಆಯ್ಕೆಗಾರರನ್ನೂ ದೂರಿದವರುಂಟು. ನಾನು ದೂರುವುದು ಪಂದ್ಯಗಳ ವೇಳಾಪಟ್ಟಿಯನ್ನು.

ಈಗ ನಿಯಮದ ವಿಷಯಕ್ಕೆ ಬರುತ್ತೇನೆ. ಹುಟ್ಟಿದ ನಾಡು, ತಂದೆತಾಯಿಯರ ನಾಡು, ಅಜ್ಜ-ಅಜ್ಜಿಯರ ನಾಡು, ಇಲ್ಲವೇ ದೀರ್ಘಕಾಲ ವಾಸಿಸಿದ ನಾಡು, ಇವುಗಳಲ್ಲಿ ಒಂದರ ಪರ ಆಡಬಹುದು ಎಂಬ ಮೂಲ ತತ್ತ್ವದ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಇಂಗ್ಲೆಂಡ್‌ಗಳನ್ನು ಮೊದಲ ಶ್ರೇಣಿಯೆಂದೂ ಉಳಿದ ಎಲ್ಲ ದೇಶಗಳನ್ನು ಅದರ ಕೆಳಗೆಂದೂ ಇಟ್ಟುಕೊಂಡು ಬಂದ ಪದ್ಧತಿಯ ಬಗ್ಗೆ. ಮೊದಲ ಶ್ರೇಣಿಯ ಒಂದು ದೇಶ, ಕೆಳ ಶ್ರೇಣಿಯ ಒಂದು ದೇಶ, ಎರಡರ ನಡುವೆ ಆಟಗಾರ ಓಡಾಡಬಹುದು ಎಂಬ ಈ ಏರ್ಪಾಡು ಆರಂಭದಲ್ಲಿ ಸಣ್ಣ ದೇಶಗಳಿಗೆ ಒಳ್ಳೆಯದನ್ನೇ ಮಾಡಿತು ಎಂಬುದನ್ನು ಒಪ್ಪುತ್ತೇನೆ. ಅದಿಲ್ಲದಿದ್ದರೆ ಆಸ್ಟ್ರೇಲಿಯಾ ಪರ ಹಲವು ವರ್ಷ ಆಡಿದ್ದ ಜಾಶ್ ಪಾಪಾಲಿ 2022ರಲ್ಲಿ ಸಮೋವಾ ಪರ ಆಡುವುದು ಸಾಧ್ಯವಾಗುತ್ತಿರಲಿಲ್ಲ, ಪೇನ್ ಹಾಸ್ 2025ರಲ್ಲಿ ಸಮೋವಾದ ನೀಲಿ ತೊಡುವುದೂ ಸಾಧ್ಯವಾಗುತ್ತಿರಲಿಲ್ಲ. ಆದರೆ ಇದೇ ಬಾಗಿಲಿನಿಂದ ಹೊರಗೂ ಹೋಗಬಹುದು. 2017ರಲ್ಲೂ 2022ರಲ್ಲೂ ಲೆಬನಾನ್ ತಂಡದ ಬೆನ್ನೆಲುಬಾಗಿದ್ದ ಮಿಚೆಲ್ ಮೋಸೆಸ್ 2024ರಲ್ಲಿ ಆಸ್ಟ್ರೇಲಿಯಾ ಪರ ಆಡಿದರು. ಅವರ ಮಹತ್ವಾಕಾಂಕ್ಷೆಯಲ್ಲಿ ತಪ್ಪೇನಿಲ್ಲ, ಯಾರಿಗಾದರೂ ಆಸೆ ಇರುತ್ತದೆ. ಲೆಬನಾನಿನ ಕೋಚ್ ಮಾತ್ರ ಇನ್ನು ಮುಂದೆ ಯಾರನ್ನು ನಂಬಿ ಆಟ ಕಟ್ಟಬೇಕೆಂದು ತಿಳಿಯದೆ ಉಳಿದರು. ಸಣ್ಣ ದೇಶದ ಆಯ್ಕೆಗಾರನ ಪಟ್ಟಿಯನ್ನು ದೊಡ್ಡ ದೇಶದ ಆಯ್ಕೆಗಾರ ಬರೆಯುವ ಸ್ಥಿತಿ ಇದು: ಆಸ್ಟ್ರೇಲಿಯಾ ತನಗೆ ಬೇಕಾದವರನ್ನು ಹೆಸರಿಸುವ ತನಕ ಉಳಿದವರು ಕಾಯಬೇಕು.

ನನ್ನ ಕೋರಿಕೆ ಇಷ್ಟು. ಶ್ರೇಣಿಗಳನ್ನು ತೆಗೆದುಹಾಕಿ. ಎರಡು ಮೂರು ದೇಶಗಳಿಗೆ ಅರ್ಹನಾದ ಆಟಗಾರ ಒಂದು ವಿಶ್ವಕಪ್ ಮುಗಿದ ಮೇಲೆ ಮುಂದಿನ ವಿಶ್ವಕಪ್ ಮುಗಿಯುವವರೆಗೆ ತಾನು ಯಾವ ದೇಶದವನೆಂದು ಬರೆದುಕೊಡಲಿ, ಆ ಅವಧಿಯ ನಡುವೆ ಬದಲಾಯಿಸದಿರಲಿ. ಅವಧಿ ಮುಗಿದ ಮೇಲೆ ಬೇಕಿದ್ದರೆ ಬದಲಾಯಿಸಿಕೊಳ್ಳಲಿ, ಅದಕ್ಕೆ ಯಾವ ದೇಶ ದೊಡ್ಡದು ಯಾವುದು ಸಣ್ಣದು ಎಂಬ ಎಣಿಕೆ ಬೇಡ. ಹೀಗೆ ಮಾಡಿದರೆ ಆಸ್ಟ್ರೇಲಿಯಾವನ್ನು ಬರೆದುಕೊಟ್ಟು, ಆದರೆ ಅಲ್ಲಿ ಆಯ್ಕೆಯಾಗದೆ, ನಾಲ್ಕು ವರ್ಷ ಯಾವ ದೇಶಕ್ಕೂ ಆಡದೆ ಉಳಿಯುವ ಆಟಗಾರರ ಗತಿಯೇನು ಎಂಬ ಪ್ರಶ್ನೆ ಬರುತ್ತದೆ, ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ, ಬರೆದುಕೊಟ್ಟ ದೇಶ ಎರಡು ಋತುಗಳ ಕಾಲ ಒಂದೇ ಒಂದು ಟೆಸ್ಟಿಗೂ ಕರೆಯದಿದ್ದರೆ ಆಟಗಾರ ಬಿಡುಗಡೆ ಪಡೆಯಬಹುದು ಎಂಬ ಒಂದು ವಿನಾಯಿತಿ ಸಾಕು. ಆಗ ದೊಡ್ಡ ದೇಶಗಳು ಬೇರೆಯವರಿಗೆ ಸಿಗದಿರಲಿ ಎಂದು ಆಟಗಾರರನ್ನು ಹಿಡಿದಿಟ್ಟುಕೊಳ್ಳುವುದೂ ತಪ್ಪುತ್ತದೆ, ಸಣ್ಣ ದೇಶಗಳ ಕೋಚ್‌ಗಳಿಗೆ ತಮ್ಮ ಕೈಯಲ್ಲಿ ಯಾರಿದ್ದಾರೆಂಬುದು ಮುಂಚೆಯೇ ತಿಳಿಯುತ್ತದೆ.

ಸ್ಟೇಟ್ ಆಫ್ ಒರಿಜಿನ್ ಬಗ್ಗೆಯೂ ಹೇಳಿಬಿಡುತ್ತೇನೆ. ಅದರ ನಿಯಮಗಳು ಆಸ್ಟ್ರೇಲಿಯಾದ ಮಂಡಳಿಯ ಕೈಯಲ್ಲಿವೆ ಎಂದು ನನಗೆ ಗೊತ್ತು. ಆದರೂ ದೇಶದ ಆಯ್ಕೆಯನ್ನು ಒರಿಜಿನ್‌ಗೆ ಗಂಟುಹಾಕುವ ಯಾವ ಪ್ರಯತ್ನವನ್ನೂ ನೀವು ಒಪ್ಪಬಾರದು. 13 ವರ್ಷ ತುಂಬುವ ಮೊದಲು ನ್ಯೂ ಸೌತ್ ವೇಲ್ಸ್‌ನಲ್ಲಿ ಬೆಳೆದ ಹುಡುಗ ಆ ರಾಜ್ಯದವನೇ. ಅವನ ಮನೆಯಲ್ಲಿ ಸಮೋವಾದ ಭಾಷೆ ಮಾತಾಡುತ್ತಾರೆ, ಅವನ ಅಜ್ಜಿ ಅಪಿಯಾದಲ್ಲಿದ್ದಾರೆ, ಆದ್ದರಿಂದ ಅವನು ಸಮೋವಾದವನೂ ಹೌದು. ಲುವಾಯ್, ಟೋಓ, ಕ್ರೈಟನ್ ಮೂವರೂ ಒರಿಜಿನ್‌ನಲ್ಲಿ ನ್ಯೂ ಸೌತ್ ವೇಲ್ಸ್ ಪರ ಆಡಿದ್ದಾರೆ, ವಿಶ್ವಕಪ್‌ನಲ್ಲಿ ಸಮೋವಾ ಪರ ಆಡಿದ್ದಾರೆ, ಇದರಿಂದ ಯಾರಿಗೂ ನಷ್ಟವಾಗಿಲ್ಲ. ಊರು ಬಿಟ್ಟು ಬಂದು ಬೇರೆ ನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಸಿಡ್ನಿಯ ಇಂಗ್ಲಿಷು ಆಡುವ ನಮ್ಮ ಮಕ್ಕಳನ್ನು ಕರೆದು, ಇವತ್ತೇ ಒಂದನ್ನು ಬಿಟ್ಟುಕೊಡು ಎಂದರೆ ಅದು ಎಷ್ಟು ನಿರ್ದಯವಾದ ಮಾತು ಎಂಬುದು ನಮಗೆ ಗೊತ್ತಿದೆ.

ದೊಡ್ಡ ದೇಶದಲ್ಲಿ ತರಬೇತಿ ಪಡೆದು ಸಣ್ಣ ದೇಶಕ್ಕೆ ಆಡುವುದು ಆಟಕ್ಕೆ ಕೇಡು ಎನ್ನುವವರಿಗೆ ಕಬಡ್ಡಿಯ ಉದಾಹರಣೆಯೊಂದನ್ನು ಕೊಡಬಯಸುತ್ತೇನೆ. 1990ರಿಂದ 2014ರವರೆಗೆ ಏಷ್ಯನ್ ಗೇಮ್ಸ್‌ನ ಪುರುಷರ ಕಬಡ್ಡಿಯಲ್ಲಿ ಏಳಕ್ಕೆ ಏಳೂ ಚಿನ್ನ ಭಾರತದ್ದೇ ಆಗಿತ್ತು. 2018ರಲ್ಲಿ ಜಕಾರ್ತಾದ ಸೆಮಿಫೈನಲ್‌ನಲ್ಲಿ ಇರಾನ್ ನಮ್ಮನ್ನು 27-18ರಿಂದ ಸೋಲಿಸಿ, ಮುಂದೆ ಚಿನ್ನವನ್ನೂ ಗೆದ್ದಿತು. ಆ ಇರಾನ್ ತಂಡದ ಫಜಲ್ ಅತ್ರಾಚಲಿಯಂಥವರು ನಮ್ಮದೇ ಪ್ರೊ ಕಬಡ್ಡಿ ಲೀಗ್‌ನಲ್ಲಿ ನಮ್ಮವರ ಜೊತೆಯಲ್ಲೇ ಆಡಿ ಪಳಗಿದವರು. ಅಂದು ನಮಗೆಲ್ಲ ನೋವಾಯಿತು, ನಿಜ. ಆದರೆ ಕಬಡ್ಡಿ ನಿಜವಾಗಿ ದೇಶದೇಶಗಳ ಆಟವಾದದ್ದು ಅಂದೇ. ಎನ್‌ಆರ್‌ಎಲ್‌ನ ಆಟಗಾರರಲ್ಲಿ ಸುಮಾರು ಅರ್ಧದಷ್ಟು ಜನ ಪೆಸಿಫಿಕ್ ಮೂಲದವರು. ಅವರು ಕಲಿತದ್ದನ್ನು ತಮ್ಮ ಹಿರಿಯರ ನಾಡಿಗೆ ಒಯ್ದರೆ ಆಸ್ಟ್ರೇಲಿಯಾಕ್ಕೆ ಸಿಗುವುದು ಸಮಬಲದ ಎದುರಾಳಿ. ತನ್ನ ಟೆಸ್ಟ್‌ಗಳಿಗೆ ಜನ ಬರುತ್ತಿಲ್ಲ ಎಂದು ವರ್ಷಗಳ ಕಾಲ ಚಿಂತಿಸಿದ ದೇಶಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಯಾವುದಿದೆ?

ಜನ ಬರುತ್ತಾರೆಯೇ ಎಂಬ ಅನುಮಾನವಿದ್ದವರು 2024ರ ನವೆಂಬರ್ 10ರಂದು ಪ್ಯಾರಾಮ್ಯಾಟಾದ ಕ್ರೀಡಾಂಗಣಕ್ಕೆ ಬರಬೇಕಿತ್ತು. ಪೆಸಿಫಿಕ್ ಕಪ್ ಫೈನಲ್, ಆಸ್ಟ್ರೇಲಿಯಾ ಮತ್ತು ಟೋಂಗಾ. ಪಂದ್ಯಕ್ಕೆ ಇನ್ನೂ ಎಷ್ಟೋ ಹೊತ್ತು ಇರುವಾಗಲೇ ಸ್ಟೇಷನ್‌ನಿಂದ ಮೈದಾನದವರೆಗಿನ ದಾರಿ ಕೆಂಪಾಗಿತ್ತು. ನನ್ನ ಮುಂದಿನ ಸಾಲಿನಲ್ಲಿ, ಹಬ್ಬಹರಿದಿನಗಳಲ್ಲಿ ಟೋಂಗಾದವರು ಸೊಂಟಕ್ಕೆ ಸುತ್ತಿಕೊಳ್ಳುವ ಹೆಣೆದ ಚಾಪೆಯನ್ನು ಸುತ್ತಿಕೊಂಡು ಬಂದಿದ್ದ ಅಜ್ಜಿಯೊಬ್ಬರು ಮೊಮ್ಮಕ್ಕಳ ನಡುವೆ ಕುಳಿತಿದ್ದರು. ಅವರು ಒಂದು ಸ್ತೋತ್ರಗೀತೆಯ ಮೊದಲ ಸಾಲು ಎತ್ತಿದೊಡನೆ ಹಿಂದಿನ ಸಾಲುಗಳ ಗಂಡಸರು ಕೆಳಸ್ವರದಲ್ಲಿ ಸೇರಿಕೊಂಡರು, ಪಕ್ಕದ ಸ್ಟ್ಯಾಂಡು ಎತ್ತಿಕೊಂಡಿತು, ಮೈದಾನವೇ ಹಾಡಿತು. ಆಸ್ಟ್ರೇಲಿಯಾ 20-14ರಿಂದ ಗೆದ್ದಿತು. ಕೊನೆಯ ನಿಮಿಷಗಳವರೆಗೂ ಯಾರೂ ಎದ್ದು ಹೋಗಲಿಲ್ಲ. ಇಂಥ ಪ್ರೇಕ್ಷಕರನ್ನು ದುಡ್ಡು ಕೊಟ್ಟು ಕೊಳ್ಳಲಾಗುವುದಿಲ್ಲ. ಆಟಗಾರರ ಆಯ್ಕೆಯೇ ಅವರನ್ನು ಕರೆತಂದದ್ದು.

ಆದರೆ ಆಟಗಾರರು ಒಂದು ದೇಶವನ್ನು ನಂಬಿ ಬಂದಾಗ ಆ ದೇಶದ ಆಡಳಿತ ಅವರ ನಂಬಿಕೆಗೆ ತಕ್ಕಂತಿರಬೇಕು, ಇದರ ಉಸ್ತುವಾರಿಯೂ ನಿಮ್ಮದೇ. 2019ರಲ್ಲಿ ಟೋಂಗಾದ ಅಂದಿನ ರಾಷ್ಟ್ರೀಯ ಸಂಸ್ಥೆ ಕೋಚ್ ಕ್ರಿಸ್ಟಿಯನ್ ವೂಲ್ಫ್ ಅವರನ್ನು ತೆಗೆದುಹಾಕಿದಾಗ ಆಟಗಾರರು ಸಿಡಿದೆದ್ದರು. ನಿಮ್ಮ ಮಂಡಳಿ ಮಧ್ಯೆ ಪ್ರವೇಶಿಸಿ, ಸಂಸ್ಥೆಯನ್ನು ಅಮಾನತಿನಲ್ಲಿಟ್ಟು, ಟೋಂಗಾ ಇನ್ವಿಟೇಷನಲ್ ಎಂಬ ಹೆಸರಿನಲ್ಲಿ ತಂಡ ಆಡಲು ದಾರಿ ಮಾಡಿಕೊಟ್ಟಿತು. ಆಸ್ಟ್ರೇಲಿಯಾವನ್ನು ಸೋಲಿಸಿದ್ದು ಆ ಹೆಸರಿನ ತಂಡವೇ. ಅಂದು ನೀವು ತೋರಿದ ದೃಢತೆಗೆ ನಾನು ಋಣಿ. ಅಂಥ ಬಿಕ್ಕಟ್ಟು ಬಂದ ಮೇಲೆ ಧಾವಿಸುವ ಬದಲು, ಕೋಚ್ ನೇಮಕ, ಆಯ್ಕೆ ಸಮಿತಿ, ಹಣದ ಲೆಕ್ಕ ಇವುಗಳಿಗೆ ಎಲ್ಲ ಸದಸ್ಯ ದೇಶಗಳಿಗೂ ಅನ್ವಯವಾಗುವ ಕನಿಷ್ಠ ನಿಯಮಗಳನ್ನು ಬರೆದಿಡಬಾರದೇಕೆ?

ಆಯ್ಕೆಯ ಗೊಂದಲ ಸಣ್ಣ ದೇಶಗಳಲ್ಲಿ ಮಾತ್ರ ಇದೆ ಎಂದು ಯಾರೂ ಭಾವಿಸಬಾರದು. 2019ರಲ್ಲಿ ಕೋಚ್ ವೇನ್ ಬೆನೆಟ್ ಗ್ರೇಟ್ ಬ್ರಿಟನ್ ತಂಡವನ್ನು ಪೆಸಿಫಿಕ್ ಪ್ರವಾಸಕ್ಕೆ ಕರೆದೊಯ್ದಾಗ ಮೈದಾನದ ಅಂಚಿನಲ್ಲಿ ಓಡುವ ವಿಂಗರ್‌ಗಳನ್ನು ಎಷ್ಟು ಕಡಿಮೆ ಆರಿಸಿದ್ದರೆಂದರೆ, ನಡುವೆ ನಿಂತು ಆಟ ನಡೆಸುವ ಹಾಫ್ ಆಗಿದ್ದ ಬ್ಲೇಕ್ ಆಸ್ಟಿನ್ ಅವರನ್ನೇ ವಿಂಗ್‌ನಲ್ಲಿ ಆಡಿಸಬೇಕಾಯಿತು. ನಾಲ್ಕು ಪಂದ್ಯಗಳಲ್ಲಿ ನಾಲ್ಕನ್ನೂ ಸೋತರು. ಕೊನೆಯದನ್ನು ಪೋರ್ಟ್ ಮೋರ್ಸ್ಬಿಯಲ್ಲಿ ಪಪುವಾ ನ್ಯೂಗಿನಿಗೆ 10-28ರಿಂದ. 2025ರಲ್ಲಿ ಜೇಕ್ ಕಾನರ್ ಇಂಗ್ಲೆಂಡಿನ ಮುಖ್ಯ ಕ್ಲಬ್ ಲೀಗ್ ಆದ ಸೂಪರ್ ಲೀಗ್‌ನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಮ್ಯಾನ್ ಆಫ್ ಸ್ಟೀಲ್ ಪ್ರಶಸ್ತಿ ಗೆದ್ದರು, ಆದರೆ ಆಸ್ಟ್ರೇಲಿಯಾ ವಿರುದ್ಧದ ರಗ್ಬಿ ಲೀಗ್ ಆ್ಯಶಸ್ ಸರಣಿಗೆ ಇಂಗ್ಲೆಂಡಿನ ಅಂದಿನ ಕೋಚ್ ಶಾನ್ ವೇನ್ ಆರಿಸಿದ ತಂಡದಲ್ಲಿ ಅವರ ಹೆಸರಿರಲಿಲ್ಲ. ಕೋಚ್‌ಗೆ ತನ್ನ ತಂಡವನ್ನು ತಾನೇ ಆರಿಸುವ ಹಕ್ಕಿದೆ, ಅದನ್ನು ಪ್ರಶ್ನಿಸುತ್ತಿಲ್ಲ. ಆದರೆ ಇಡೀ ವರ್ಷ ಮೈದಾನದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದವನನ್ನು ಕೈಬಿಡುವಾಗ, ಜನರಿಗೆ ಒಪ್ಪಿಗೆಯಾಗುವ ಕಾರಣವನ್ನು ಬಾಯಿಬಿಟ್ಟು ಹೇಳಬೇಕಾದ ಹೊಣೆಯೂ ಇದೆ. ಆ ಸರಣಿಯನ್ನು ಆಸ್ಟ್ರೇಲಿಯಾ 26-6, 14-4, 30-8ರಿಂದ ಗೆದ್ದಿತು. ಮೂರೂ ಪಂದ್ಯಗಳಲ್ಲಿ ಇಂಗ್ಲೆಂಡ್ ಒಟ್ಟು ಗಳಿಸಿದ್ದು 18 ಅಂಕ. ಕಾನರ್ ಇದ್ದಿದ್ದರೆ ಗೆಲ್ಲುತ್ತಿದ್ದರು ಎಂದು ನಾನು ಹೇಳಲಾರೆ. ಅಂಕ ಗಳಿಸುವ ದಾರಿಯೇ ತೋಚದಂತೆ ಆಡಿದ ತಂಡದಲ್ಲಿ ದಾರಿ ಹುಡುಕಬಲ್ಲವನಿಗೆ ಒಂದು ಜಾಗ ಇರಬೇಕಿತ್ತು ಎಂದಷ್ಟೇ ಹೇಳುತ್ತೇನೆ.

ಇಲ್ಲೂ ಕೊನೆಗೆ ನಾನು ವೇಳಾಪಟ್ಟಿಗೇ ಬರುತ್ತೇನೆ. 2003ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಗ್ರೇಟ್ ಬ್ರಿಟನ್ ಆಡಿದ ಬಳಿಕ ಆ್ಯಶಸ್ ನಡೆದದ್ದು ಅದೇ ಮೊದಲು. 22 ವರ್ಷ ಕಾದ ಸರಣಿಗೆ ಇಂಗ್ಲೆಂಡ್ ಆ ವರ್ಷ ಒಂದೂ ಟೆಸ್ಟ್ ಆಡದೆ ನೇರವಾಗಿ ವೆಂಬ್ಲಿಗೆ ಇಳಿಯಿತು. ಪರೀಕ್ಷಿಸಿ ನೋಡಲು ಪಂದ್ಯಗಳೇ ಇಲ್ಲದಿದ್ದರೆ ಕೋಚ್ ತನಗೆ ಗೊತ್ತಿರುವ ಹಳೆಯ ಹೆಸರುಗಳನ್ನೇ ನಂಬುತ್ತಾನೆ.

ಸ್ವದೇಶದಲ್ಲೇ ಆಡಿ ಬೆಳೆದವರ ಬಗ್ಗೆ ನನಗೆ ವಿಶೇಷ ಕಾಳಜಿ ಇದೆ. 2022ರ ವಿಶ್ವಕಪ್‌ನಲ್ಲಿ 16 ತಂಡಗಳಿದ್ದವು. ಗ್ರೀಸ್ ಮೊದಲ ಸಲ ಬಂದಿತ್ತು. ತಮ್ಮದೇ ನಾಡಿನಲ್ಲಿ ಅಧಿಕಾರಿಗಳ ಕಣ್ಣುತಪ್ಪಿಸಿ ರಾತ್ರಿ ಹೊತ್ತು ಪಂದ್ಯ ಆಡಬೇಕಾಗಿ ಬಂದಿದ್ದ ಜನ ಅವರು. ಜಮೈಕಾವೂ ಮೊದಲ ಸಲ ಬಂದು, ದೊಡ್ಡ ಅಂತರದಿಂದ ಸೋಲುತ್ತಿದ್ದ ಪಂದ್ಯದಲ್ಲಿ ನ್ಯೂಜಿಲೆಂಡ್ ವಿರುದ್ಧ ಬೆನ್ ಜೋನ್ಸ್-ಬಿಷಪ್ ಒಂದು ಟ್ರೈ ಗಳಿಸಿದಾಗ ಹಬ್ಬದಂತೆ ಕುಣಿಯಿತು. 2026ರಲ್ಲಿ ತಂಡಗಳ ಸಂಖ್ಯೆ 10ಕ್ಕೆ ಇಳಿದಿದೆ. ಗ್ರೀಸ್, ಜಮೈಕಾ, ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಇಟಲಿ ಆರೂ ಇಲ್ಲ. ಏಕಪಕ್ಷೀಯ ಪಂದ್ಯಗಳು ಕಡಿಮೆಯಾಗಲಿ ಎಂಬ ನಿಮ್ಮ ಕಾರಣ ನನಗೆ ಅರ್ಥವಾಗುತ್ತದೆ, ಆದರೆ ಹೊರಗುಳಿದ ಆರಕ್ಕೆ ಮುಂದಿನ ನಾಲ್ಕು ವರ್ಷ ಯಾವ ಪಂದ್ಯಗಳಿವೆ, ಯಾವ ದಾರಿಯಲ್ಲಿ ಅವರು ಮರಳಿ ಬರಬೇಕು ಎಂಬುದನ್ನು ಖಚಿತವಾಗಿ ಹೇಳದೆ ಬಾಗಿಲು ಮುಚ್ಚುವುದು ಸರಿಯಲ್ಲ. ಅಜ್ಜಿಯ ಊರಿನ ಮೂಲಕ ಅರ್ಹತೆ ಪಡೆದ ಸಿಡ್ನಿ, ಲೀಡ್ಸ್‌ಗಳ ಆಟಗಾರರು ಈ ತಂಡಗಳಿಗೆ ಬೇಕು, ಅವರಿಂದಲೇ ಮಟ್ಟ ಏರುವುದು. ಆದರೆ 24 ಜನರ ಪಟ್ಟಿಯಲ್ಲಿ ಆ ದೇಶದ ದೇಶೀಯ ಸ್ಪರ್ಧೆಗಳಲ್ಲಿ ಆಡುವವರಿಗೆ ನಾಲ್ಕು ಸ್ಥಾನಗಳನ್ನಾದರೂ ಮೀಸಲಿಡಬೇಕೆಂದು ನಾನು ಕೇಳುತ್ತೇನೆ. ಅಥೆನ್ಸ್‌ನ ಹುಡುಗನೊಬ್ಬ ವಿಶ್ವಕಪ್ ಆಡಿ ಮನೆಗೆ ಮರಳಿದರೆ ಅವನ ಬೀದಿಯಲ್ಲಿ ಹತ್ತು ಹುಡುಗರು ಚೆಂಡು ಹಿಡಿಯುತ್ತಾರೆ. ಸಿಡ್ನಿಯವನು ಸಿಡ್ನಿಗೇ ಮರಳುತ್ತಾನೆ. ರಗ್ಬಿ ಲೀಗನ್ನೇ ರಾಷ್ಟ್ರೀಯ ಆಟವಾಗಿ ಮಾಡಿಕೊಂಡಿರುವ ಪಪುವಾ ನ್ಯೂಗಿನಿಗೆ ಈ ಮೀಸಲಾತಿಯ ಅಗತ್ಯವಿಲ್ಲ, 2028ರಿಂದ ಅವರದೇ ತಂಡ ಎನ್‌ಆರ್‌ಎಲ್‌ಗೆ ಬರುತ್ತಿದೆ. ಉಳಿದವರಿಗೆ ಅಗತ್ಯವಿದೆ.

ಮಾನ್ಯರೇ, ದಿನಾಂಕಗಳ ವಿಷಯದಲ್ಲಿ ನಿಮ್ಮ ಮಾತಿನ ಮೇಲೆ ಪ್ರೇಕ್ಷಕರಿಗೆ ನಂಬಿಕೆ ಮೂಡುವುದು ಏಕೆ ಕಷ್ಟವಾಗಿದೆ ಎಂಬುದನ್ನೂ ಹೇಳಲೇಬೇಕು. 2021ರ ಜುಲೈನಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹಿಂದೆ ಸರಿದದ್ದರಿಂದ ಆ ವರ್ಷದ ವಿಶ್ವಕಪ್ ಒಂದು ವರ್ಷ ಮುಂದಕ್ಕೆ ಹೋಯಿತು. 2023ರ ಮೇ ತಿಂಗಳಲ್ಲಿ ಫ್ರಾನ್ಸ್ ಹಣದ ಕಾರಣ ಹೇಳಿ 2025ರ ಆತಿಥ್ಯದಿಂದ ಹಿಂದೆ ಸರಿಯಿತು. 1954ರಲ್ಲಿ ಮೊದಲ ವಿಶ್ವಕಪ್ ನಡೆಸಿದ ನಾಡದು. ಆ ಬಳಿಕ ನೀವು 2030ರವರೆಗಿನ ವೇಳಾಪಟ್ಟಿಯನ್ನು ಪ್ರಕಟಿಸಿದಿರಿ, ಅದಕ್ಕಾಗಿ ಕೃತಜ್ಞತೆಗಳು. ಆದರೆ ಅದು ದೊಡ್ಡ ಟೂರ್ನಿಗಳ ಪಟ್ಟಿ. ಸಮೋವಾ, ಟೋಂಗಾ, ಫಿಜಿ, ಲೆಬನಾನ್‌ಗಳಂಥ ದೇಶಗಳಿಗೆ ಪ್ರತಿವರ್ಷ ಋತುವಿನ ನಡುವೆ ಒಂದು, ಕೊನೆಯಲ್ಲಿ ಕನಿಷ್ಠ ಮೂರು ಟೆಸ್ಟ್‌ಗಳು, ಆ ವಾರಗಳಲ್ಲಿ ಆಟಗಾರರನ್ನು ಕ್ಲಬ್ಬುಗಳು ಬಿಟ್ಟುಕೊಡಲೇಬೇಕೆಂಬ ನಿಯಮ, ಎಲ್ಲ ದೇಶಗಳಿಗೂ ತಂಡ ಪ್ರಕಟಿಸಲು ಒಂದೇ ಕೊನೆಯ ದಿನಾಂಕ, ಇವು ಅದರಲ್ಲಿ ಸೇರಬೇಕು. ಜೊತೆಗೆ, ಯಾವ ದೇಶದ ಜೆರ್ಸಿ ತೊಟ್ಟರೂ ವಿಶ್ವಕಪ್ ಪಂದ್ಯಕ್ಕೆ ಒಂದೇ ಸಂಭಾವನೆ ಇರಲಿ, ಅದನ್ನು ದೇಶಗಳ ಖಜಾನೆಗೆ ಬಿಡದೆ ಟೂರ್ನಿಯ ಆದಾಯದಿಂದ ನೀವೇ ನೇರವಾಗಿ ಕೊಡಿ. ಮಹಿಳೆಯರ ತಂಡಗಳಿಗೂ ಇದೇ ನಿಯಮ ಬೇಕು. 2022ರ ಫೈನಲ್‌ನಲ್ಲಿ ಆಸ್ಟ್ರೇಲಿಯಾ 54-4ರಿಂದ ನ್ಯೂಜಿಲೆಂಡನ್ನು ಸೋಲಿಸಿದ ಅಂತರವೇ ಅಲ್ಲಿ ಎಷ್ಟು ಕೆಲಸ ಬಾಕಿಯಿದೆ ಎಂಬುದನ್ನು ಹೇಳುತ್ತದೆ.

ಬ್ರಿಸ್ಬೇನ್‌ನಲ್ಲಿ ನವೆಂಬರ್ 15ರಂದು ಫೈನಲ್ ಮುಗಿಯುತ್ತದೆ. ಅದು ಮುಗಿಯುವ ಮೊದಲೇ 2027ರ ಟೆಸ್ಟ್‌ಗಳ ದಿನಾಂಕ ಮತ್ತು ಸ್ಥಳಗಳನ್ನು ಹತ್ತೂ ದೇಶಗಳಿಗೆ, ಹಾಗೂ ಹೊರಗುಳಿದ ಆರು ದೇಶಗಳಿಗೆ, ಹೆಸರು ಹೆಸರಾಗಿ ಪ್ರಕಟಿಸಬೇಕೆಂದೂ, ಅರ್ಹತೆಯ ಹೊಸ ನಿಯಮದ ಕರಡನ್ನು ಆಟಗಾರರ ಸಂಘಗಳ ಮುಂದೆ ಮತ್ತು ಸಾರ್ವಜನಿಕರ ಮುಂದೆ ಇಡಬೇಕೆಂದೂ ವಿನಂತಿಸುತ್ತೇನೆ. ಕರಡು ಬಂದ ದಿನ ನಮ್ಮ ಅಭಿಪ್ರಾಯಗಳನ್ನು ಬರೆದು ಕಳುಹಿಸಲು ನಾನೂ, ನನ್ನ ಬೀದಿಯ ಅನೇಕರೂ ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಪಶ್ಚಿಮ ಸಿಡ್ನಿಯ ಒಬ್ಬ ಕನ್ನಡಿಗ ಪ್ರೇಕ್ಷಕ